ಕೀರ್ತಿಶಿಲೆಯೂ ಕರ್ತೃತ್ವದ ಅಭಿಮಾನವೂ

ಉತ್ಸವದ ದಿನಗಳಲ್ಲಿ ದೇವಾಲಯಕ್ಕೆ ಬರುವ ಆಸ್ತಿಕ ಮಹಾಶಯರು ಪ್ರದಕ್ಷಿಣೆ ಮಾಡುವಾಗ ಒಮ್ಮೆ ಕಾಲ ಕೆಳಗೂ ಅಕ್ಕಪಕ್ಕಕ್ಕೂ ದೃಷ್ಟಿ ಹಾಯಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಮೆಟ್ಟಿಲಿನ ಮೇಲೆ ಒಂದು ಹೆಸರು, ಕಂಬದ ಮೇಲೆ ಒಂದು ಹೆಸರು, ಗಂಟೆಯ ಅಂಚಿನಲ್ಲಿ ಒಂದು ಹೆಸರು, ಟ್ಯೂಬ್‌ಲೈಟಿನ ಮೇಲಂತೂ ಬೆಳಕನ್ನೇ ಅರ್ಧ ಮರೆಮಾಡುವಷ್ಟು ದೊಡ್ಡದಾಗಿ ಮತ್ತೊಂದು ಹೆಸರು. ಭಗವಂತನ ಸಹಸ್ರನಾಮವನ್ನು ಪಠಿಸುತ್ತ ಒಂದು ಸುತ್ತು ಬರುವಷ್ಟರಲ್ಲಿ ನಮ್ಮ ಕಣ್ಣು ಮನುಷ್ಯರ ನಾಮಗಳನ್ನು ಅದೆಷ್ಟು ಓದಿಬಿಟ್ಟಿರುತ್ತದೆಯೋ!

ಇದನ್ನು ದಾನಿಗಳ ಮೇಲಣ ಆಕ್ಷೇಪಣೆಯೆಂದು ಯಾರೂ ಭಾವಿಸಬಾರದು. ದಾನಿಗಳಿಲ್ಲದೆ ದೇವಾಲಯಗಳಿಲ್ಲ. ಅಷ್ಟೇ ಅಲ್ಲದೆ, ಈ ವಿಷಯದಲ್ಲಿ ಇತರರತ್ತ ಬೆರಳು ತೋರಿಸುವ ಅರ್ಹತೆ ನಮಗಿಲ್ಲ. ಅದೇಕೆಂಬುದನ್ನು ಮೊದಲೇ ನಿವೇದಿಸಿಬಿಡುವುದು ಉಚಿತ.

ನಮ್ಮ ತೀರ್ಥರೂಪರು ಅರ್ಕಾವತಿ ಮತ್ತು ಕಣ್ವ ನದಿಗಳ ನಡುವಣ ಒಂದು ಗ್ರಾಮದ ದೇವಾಲಯದಲ್ಲಿ ನಲವತ್ತು ವರ್ಷಗಳಿಗೂ ಮೀರಿ ಅರ್ಚಕರಾಗಿದ್ದು, ಎರಡು ವರ್ಷಗಳ ಹಿಂದೆ ಹರಿಪಾದವನ್ನು ಸೇರಿದರು. ಅನಂತರ ಆ ದೇವಾಲಯದ ಜೀರ್ಣೋದ್ಧಾರ ನಡೆದು, ಪ್ರಾಕಾರಕ್ಕೆ ಹೊಸ ಚಪ್ಪಡಿಗಳನ್ನು ಹಾಸುವ ಏರ್ಪಾಡಾಯಿತು. ಆಗ ಊರಿನ ಹಿರಿಯರೊಬ್ಬರು, "ನಿಮ್ಮ ತಂದೆಯವರ ಹೆಸರಿನ ಒಂದು ಶಿಲಾಫಲಕವನ್ನು ನವರಂಗದಲ್ಲಿ ಇಡೋಣ, ಭಾವಚಿತ್ರವನ್ನೂ ಕೆತ್ತಿಸೋಣ, ಒಕ್ಕಣೆಯನ್ನು ಮಾತ್ರ ತಾವೇ ಬರೆದುಕೊಡಬೇಕು" ಎಂದು ಬಹಳ ಪ್ರೀತಿಯಿಂದ ಹೇಳಿದರು. ನಮಗೆ ಪರಮಾನಂದವಾಯಿತು. ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವೂ ಬಿ.ಎ. ತರಗತಿಯಲ್ಲಿ ಓದಿದ ಇತಿಹಾಸವೂ ಅಂದು ಒಟ್ಟಾಗಿ ನೆರವಿಗೆ ಬಂದವು. ಹನ್ನೊಂದು ಸಾಲುಗಳ ಒಕ್ಕಣೆ ಸಿದ್ಧವಾಯಿತು. ತೀರ್ಥರೂಪರು ಜೀವಮಾನದಲ್ಲಿ ಎಂದೂ ಧರಿಸದಿದ್ದ ಎರಡು ಬಿರುದುಗಳನ್ನೂ ಅದರಲ್ಲಿ ಸೇರಿಸಿದೆವು.

ಅದನ್ನು ಮಾತೃಶ್ರೀಯವರ ಮುಂದೆ ಓದಿದೆವು. ಅವರು ಬತ್ತಿ ಹೊಸೆಯುತ್ತ ಕೊನೆಯವರೆಗೂ ಕೇಳಿದರು. ಬಳಿಕ, "ಅವರ ಹೆಸರು ಒಂದು ಸಲ ಬಂತು. ನಿನ್ನ ಹೆಸರು ಎರಡು ಸಲ ಬಂತಲ್ಲೋ. ಇದು ಯಾರ ಕಲ್ಲಪ್ಪ?" ಎಂದು ಕೇಳಿದರು.

ಎಣಿಸಿ ನೋಡಿದೆವು. ಅವರು ಹೇಳಿದ್ದು ನಿಜವಾಗಿತ್ತು. ಇಂಥವರ ಜನಕರು ಎಂದು ಒಂದು ಕಡೆ, ಇಂಥವರಿಂದ ಸಮರ್ಪಿತ ಎಂದು ಇನ್ನೊಂದು ಕಡೆ. ಆ ಒಕ್ಕಣೆಯ ಕಾಗದವನ್ನು ಮಡಿಸಿಟ್ಟೆವು. ಆದರೆ ಪ್ರಶ್ನೆಯನ್ನು ಮಡಿಸಿಡಲಾಗಲಿಲ್ಲ. ಮನುಷ್ಯನು ತನಗಾಗಿ ಸ್ಮಾರಕವನ್ನೂ ಪ್ರತಿಮೆಯನ್ನೂ ಪದವಿಯನ್ನೂ ಕಡೆದುಕೊಳ್ಳುವುದು ಏತಕ್ಕಾಗಿ? ಅದು ದೋಷವೇ? ದೋಷವಾದರೆ ಎಲ್ಲಿಂದ ದೋಷವಾಗುತ್ತದೆ? ಕಲ್ಲಿನಿಂದಲೋ, ಹೆಸರಿನಿಂದಲೋ, ಅಥವಾ ಮತ್ತಾವುದೋ ಒಂದರಿಂದಲೋ? ಪ್ರಕೃತ ಈ ವಿಚಾರವನ್ನು ನಮ್ಮ ಸೀಮೆಯ ನಿದರ್ಶನಗಳನ್ನೇ ಮುಂದಿಟ್ಟುಕೊಂಡು ಯಥಾಮತಿ ಪರಿಶೀಲಿಸಲು ಯತ್ನಿಸುತ್ತೇವೆ.

ಕಲ್ಲಿನ ವಿಚಾರವನ್ನು ಮಾತನಾಡಲು ನಮ್ಮ ಸೀಮೆಗಿಂತ ಯೋಗ್ಯವಾದ ಸ್ಥಳ ದೊರೆಯುವುದು ದುರ್ಲಭ. ರಾಮನಗರದ ಬೆಟ್ಟಗಳು, ಮಾಗಡಿಯ ಸಾವನದುರ್ಗ, ಕನಕಪುರದ ಕಡೆಯ ಬಂಡೆಸಾಲುಗಳು, ಇವೆಲ್ಲ ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಒಂದೇ ಶಿಲಾಪಟ್ಟಿಗೆ ಸೇರಿದವು. ಭೂವಿಜ್ಞಾನಿಗಳು ಇದರ ವಯಸ್ಸನ್ನು ಸುಮಾರು 250 ಕೋಟಿ ವರ್ಷಗಳೆಂದು ಹೇಳುತ್ತಾರೆ. ಈ ಶಿಲೆಗೆ ಅವರು ಇಟ್ಟಿರುವ ಹೆಸರು 'ಕ್ಲೋಸ್‌ಪೇಟ್ ಗ್ರಾನೈಟ್'. ಈ ಹೆಸರಿನ ಹಿಂದೆ ಒಂದು ಕಥೆಯಿದೆ.

ಟಿಪ್ಪು ಸುಲ್ತಾನನ ಪತನಾನಂತರ ಮೈಸೂರಿನಲ್ಲಿ ಬ್ರಿಟಿಷರ ರೆಸಿಡೆಂಟನಾಗಿದ್ದವನು ಬ್ಯಾರಿ ಕ್ಲೋಸ್. ಅವನ ಗೌರವಾರ್ಥವಾಗಿ ದಿವಾನ್ ಪೂರ್ಣಯ್ಯನವರು 1800ರ ಸುಮಾರಿನಲ್ಲಿ ಒಂದು ಪೇಟೆಯನ್ನು ಕಟ್ಟಿಸಿ ಅದಕ್ಕೆ ಕ್ಲೋಸ್‌ಪೇಟೆ ಎಂದು ಹೆಸರಿಟ್ಟರು. ಅದೇ ಇಂದಿನ ರಾಮನಗರ. ಕ್ಲೋಸ್ 1813ರಲ್ಲಿ ತೀರಿಕೊಂಡ. ಒಂದೂವರೆ ಶತಮಾನದಷ್ಟು ಕಾಲ ಬಾಳಿದ ಆ ಹೆಸರನ್ನು, ದೇಶ ಸ್ವತಂತ್ರವಾದ ಮೇಲೆ, ಊರು ತಾನೇ ಕಳಚಿಹಾಕಿ ಶ್ರೀರಾಮನ ಹೆಸರನ್ನು ಧರಿಸಿತು. 2007ರಲ್ಲಿ ಅದೇ ಹೆಸರು ಜಿಲ್ಲೆಯ ಹೆಸರೂ ಆಯಿತು. 2025ರಲ್ಲಿ ಸರ್ಕಾರವು ಜಿಲ್ಲೆಯನ್ನು ಬೆಂಗಳೂರು ದಕ್ಷಿಣವೆಂದು ಕರೆಯಿತು. ಈ ಬದಲಾವಣೆಗಳ ಪರ ವಿರೋಧಗಳು ನಮ್ಮ ವಿಷಯವಲ್ಲ. ಇಷ್ಟನ್ನು ಮಾತ್ರ ಗಮನಿಸೋಣ: ಯಾವ ಊರಿಗೆ ಹೆಸರನ್ನು ಇಟ್ಟರೋ ಆ ಊರಿನಿಂದ ಹೆಸರು ಅಳಿಸಿತು, ಯಾವ ಬಂಡೆಗೆ ಯಾರೂ ಅವನ ಗೌರವಾರ್ಥ ಹೆಸರಿಡಲಿಲ್ಲವೋ ಆ ಬಂಡೆಯಲ್ಲಿ ಊರಿನ ಮೂಲಕ ಅದು ಉಳಿದುಕೊಂಡಿತು. ಇಂದು ಕ್ಲೋಸ್‌ಪೇಟ್ ಎಂದು ಬರೆಯುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಇರುವುದು ಕಲ್ಲೇ ಹೊರತು ಬ್ಯಾರಿ ಕ್ಲೋಸ್ ಅಲ್ಲ.

ಇನ್ನು ಪೂರ್ಣಯ್ಯನವರ ವಿಷಯ. ಅವರು ಮಾಧ್ವರು, ಹೈದರ್, ಟಿಪ್ಪು ಮತ್ತು ಒಡೆಯರ ಆಳ್ವಿಕೆಗಳನ್ನು ಕಂಡವರು, 1811ರವರೆಗೆ ದಿವಾನರಾಗಿದ್ದವರು. ಕಾವೇರಿಗೆ ಶ್ರೀರಂಗಪಟ್ಟಣದಲ್ಲಿ ಅವರು 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೂ ತಮ್ಮ ಹೆಸರನ್ನು ಇಡದೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಇದು ವಿನಯವೆ? ಹಾಗೆಂದು ಥಟ್ಟನೆ ಹೇಳುವುದು ಸುಲಭ. ಆದರೆ ಬಲಿಷ್ಠರ ಹೆಸರನ್ನು ಕೆತ್ತಿಸುವುದೂ ರಾಜ್ಯದಲ್ಲಿ ತನ್ನ ಸ್ಥಾನವನ್ನು ಭದ್ರಪಡಿಸಿಕೊಳ್ಳುವ ಒಂದು ಉಪಾಯವಾಗಬಹುದು. ಪೂರ್ಣಯ್ಯನವರ ಅಂತರಂಗವನ್ನು ಅಳೆಯುವ ಅಧಿಕಾರ ನಮಗಿಲ್ಲ. ಸೇತುವೆಯ ಮೇಲೆ ದಾಟಿದ ರೈತನಿಗೆ ಅದರ ಹೆಸರಿನಿಂದ ಏನೂ ಆಗಬೇಕಾಗಿರಲಿಲ್ಲವೆಂಬುದು ಮಾತ್ರ ನಿಶ್ಚಯ. ಒಟ್ಟಿನಲ್ಲಿ, ಕಲ್ಲಿನ ಮೇಲೆ ತನ್ನ ಹೆಸರಿಲ್ಲದ ಮಾತ್ರಕ್ಕೆ ಅಭಿಮಾನವಿಲ್ಲವೆಂದು ಹೇಳುವಂತಿಲ್ಲ. ತಂದೆಯ ಫಲಕದಲ್ಲಿ ಮಗನ ಅಭಿಮಾನ ಅಡಗಿರಬಲ್ಲುದಾದರೆ, ದೊರೆಯ ಫಲಕದಲ್ಲಿ ಸೇವಕನ ಅಭಿಮಾನ ಏಕೆ ಅಡಗಿರಬಾರದು?

ಈ ಹಂಬಲವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನ ಚಕ್ರವರ್ತಿ ಎರಡನೆಯ ರಾಮ್ಸೆಸ್ ತನ್ನ ಹಿಂದಿನವರ ವಿಗ್ರಹಗಳ ಮೇಲೂ ತನ್ನ ಹೆಸರನ್ನು ಕೆತ್ತಿಸಿದನು. ಮುಂದೆ ಬರುವವರು ತನಗೂ ಹಾಗೆಯೇ ಮಾಡಲಾಗದಂತೆ ಅಕ್ಷರಗಳನ್ನು ಬಹಳ ಆಳವಾಗಿ ಕೊರೆಸಿದನು. ಅದಕ್ಕೂ ಮುಂಚೆ ಅದೇ ದೇಶವನ್ನು ಆಳಿದ ಹತ್‌ಷೆಪ್ಸುತ್ ಎಂಬ ರಾಣಿಯ ಹೆಸರನ್ನೂ ರೂಪಗಳನ್ನೂ ಅವಳ ಅನಂತರ ಪಟ್ಟದಲ್ಲಿದ್ದವನು ಉಳಿಯಿಂದ ಕೆತ್ತಿ ತೆಗೆಸಿದನು. ಕೆತ್ತುವ ಉಳಿಗೂ ಅಳಿಸುವ ಉಳಿಗೂ ಭೇದವಿಲ್ಲ. ಒಂದೇ ಕಮ್ಮಾರನು ಎರಡನ್ನೂ ಹದ ಮಾಡಿ ಕೊಡುತ್ತಾನೆ.

ನಮ್ಮ ಸೀಮೆಗೇ ಮರಳೋಣ. ಈ ಪ್ರಶ್ನೆಗೆ ಸಂಬಂಧಿಸಿದಂತೆ ಹಿರಿಯ ಕೆಂಪೇಗೌಡರ ಚರಿತ್ರೆಯಷ್ಟು ಬೋಧಪ್ರದವಾದುದು ಮತ್ತೊಂದಿಲ್ಲ. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳಿಗೆ ಅಡಿಗಲ್ಲಿಟ್ಟ ಈ ಪ್ರಭುಗಳು ವಿಜಯನಗರಕ್ಕೆ ಅಧೀನರಾಗಿದ್ದರು. ಚಕ್ರಾಧಿಪತ್ಯದ ಅನುಮತಿಯಿಲ್ಲದೆ ಅವರು ತಮ್ಮದೇ ನಾಣ್ಯವನ್ನು ಟಂಕಿಸಿದರೆಂಬ ಕಾರಣಕ್ಕೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆವಾಸವನ್ನು ಅನುಭವಿಸಬೇಕಾಯಿತೆಂದು ಇತಿಹಾಸಕಾರರು ಬರೆಯುತ್ತಾರೆ. ನಾಣ್ಯವೆಂದರೆ ಅಂಗೈಯಷ್ಟೂ ಇಲ್ಲದ ಲೋಹದ ಚೂರು. ಆದರೂ ಅದರ ಮೇಲಣ ಮುದ್ರೆ 'ಇಲ್ಲಿ ನಾನೇ ಪ್ರಭು' ಎಂದು ಸಾರುತ್ತದೆ. ಆ ಮುದ್ರೆಗಾಗಿ ಐದು ವರ್ಷಗಳ ಸೆರೆ! ಅವರ ವಂಶದವರು ಮುಂದೆ ಮಾಗಡಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದರು. 1728ರಲ್ಲಿ ಮೈಸೂರಿನ ಸೈನ್ಯ ಮಾಗಡಿಯನ್ನು ಹಿಡಿಯಿತು. ವಂಶದ ಕೊನೆಯ ಪ್ರಭು ಶ್ರೀರಂಗಪಟ್ಟಣದ ಬಂದಿಖಾನೆಯಲ್ಲಿ ಕಣ್ಣುಮುಚ್ಚಿದರು. ನಾಣ್ಯ ಹೋಯಿತು, ರಾಜ್ಯವೂ ಹೋಯಿತು.

ಹಾಗಾದರೆ ಉಳಿದದ್ದೇನು? ಕೆರೆಗಳು ಉಳಿದವು. ಕೆಂಪೇಗೌಡರು ಕಟ್ಟಿಸಿದರೆಂದು ಜನರು ಹೇಳಿಕೊಂಡು ಬಂದಿರುವ ಕೆರೆಗಳ ನೀರನ್ನು ಬೆಂಗಳೂರು ಅನೇಕ ತಲೆಮಾರುಗಳವರೆಗೆ ಕುಡಿಯಿತು. ಅವುಗಳಲ್ಲಿ ಧರ್ಮಾಂಬುಧಿ ಎಂಬುದು ಒಂದು. ಇಂದು ಆ ಕೆರೆಯನ್ನು ನೋಡಬೇಕೆಂದು ಹೊರಟವರು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿಯಬೇಕು. ಏಕೆಂದರೆ ಕೆರೆಯ ಅಂಗಳವೇ ಆ ನಿಲ್ದಾಣ. ನಿಲ್ದಾಣಕ್ಕೆ ಇಟ್ಟಿರುವ ಹೆಸರು ಯಾವುದು? ಕೆಂಪೇಗೌಡ ಬಸ್ ನಿಲ್ದಾಣ! ಮಹನೀಯರು ಮಾಡಿದ ಕೆಲಸವನ್ನು ಮುಚ್ಚಿ ಅದರ ಮೇಲೆ ಅವರ ಹೆಸರನ್ನು ಬರೆದವರು ನಾವು. ಅವರಿಗೆ ಬೇಕಾಗಿದ್ದದ್ದು ಯಾವುದು, ಹೆಸರೇ ಅಥವಾ ನೀರೇ ಎಂದು ಕೇಳಲು ಅವರಿಲ್ಲ. ಆದರೆ ಕೆರೆ ಕಟ್ಟಿಸಿದವನಿಗೆ ನೀರು ನಿಲ್ಲುವುದೇ ಸ್ಮಾರಕವೆಂಬುದನ್ನು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ.

ಕೆಂಪೇಗೌಡರ ಪ್ರತಿಮೆಗಳ ವಿಷಯವೂ ವಿಚಾರಾರ್ಹವಾಗಿದೆ. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಅವರ ಒಂದು ಲೋಹವಿಗ್ರಹವಿದೆ. 1609ರದು ಎಂದು ಹೇಳಲಾಗುತ್ತದೆ. ಕೈಮುಗಿದು ನಿಂತ ಭಕ್ತನ ವಿಗ್ರಹವದು. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನೂ ತನ್ನಿಬ್ಬರು ರಾಣಿಯರೊಡನೆ ಹೀಗೆಯೇ ಕೈಮುಗಿದು ನಿಂತಿದ್ದಾನೆ. ದೇವರ ಎದುರಿಗೆ ನಿಂತ ಅರಸನನ್ನು ನೋಡಲು ಹೋದವನ ಕಣ್ಣು ಅರಸನ ಕೈಗಳ ದಿಕ್ಕಿನಲ್ಲಿ ಹರಿದು ದೇವರನ್ನು ಸೇರುತ್ತದೆ. 2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನನಿಲ್ದಾಣದ ಬಳಿ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ನಾಡು ತನ್ನ ಉಪಕಾರಿಯನ್ನು ನೆನೆಯುವುದು ಕೃತಜ್ಞತೆ, ಕೃತಜ್ಞತೆ ಧರ್ಮ, ಅದರಲ್ಲಿ ದೋಷವನ್ನು ಹುಡುಕಲು ನಾವು ಹೊರಟಿಲ್ಲ. ಕೃತಜ್ಞತೆಯು ಎತ್ತರವನ್ನು ಅಳೆದು ಮುಗಿಸಿಬಿಡದೆ ಕೆರೆಗಳ ಬಳಿಗೂ ಒಮ್ಮೆ ಹೋಗಿ ಬರಲಿ ಎಂಬುದಷ್ಟೇ ನಮ್ಮ ಬಿನ್ನಹ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಒಂದು ಹಳೆಯ ಕಟ್ಟಡವು ಅವರ ಸಮಾಧಿಯೆಂಬುದು ಅಲ್ಲಿನ ಶಾಸನದಿಂದ 2015ರಲ್ಲಿ ಎಲ್ಲರಿಗೂ ತಿಳಿದುಬಂತು. ಅಲ್ಲಿಯವರೆಗೆ ಅದರ ಪಕ್ಕದಲ್ಲಿ ದನ ಹೊಡೆದುಕೊಂಡು ಹೋದವರಿಗೆ ಅದೊಂದು ಹೆಸರಿಲ್ಲದ ಗೋಪುರ.

ಪ್ರತಿಮೆಯಾಯಿತು, ಇನ್ನು ಪದವಿಯ ಮಾತು. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಕೆಂಗಲ್ ಆಂಜನೇಯಸ್ವಾಮಿಯ ಸನ್ನಿಧಿಯಿದೆ. ಕೆಂಪು ಕಲ್ಲಿನ ಈ ಮೂರ್ತಿಯನ್ನು ಶ್ರೀವ್ಯಾಸರಾಜರು ಪ್ರತಿಷ್ಠಾಪಿಸಿದರೆಂದು ನಂಬಿಕೆ. ಈ ಕ್ಷೇತ್ರದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದ ಕೆಂಗಲ್ ಹನುಮಂತಯ್ಯನವರು. 1952ರಲ್ಲಿ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಹಿಂದಿನ ಸರ್ಕಾರದ ಕಾಲದಲ್ಲಿ, 1951ರಲ್ಲಿ, ಶಂಕುಸ್ಥಾಪನೆಯಾಗಿದ್ದ ಸರಳವಾದ ಕಟ್ಟಡದ ನಕ್ಷೆಯನ್ನು ಬದಲಾಯಿಸಿ ಇಂದು ನಾವು ನೋಡುವ ವಿಧಾನಸೌಧವನ್ನು ಅವರು ಕಟ್ಟಿಸಿದರು. ಸಾವಿರಾರು ಕೂಲಿಕಾರರೂ ಕಲ್ಲುಕುಟಿಗರೂ ದುಡಿದರು. ಅಲಂಕಾರಕ್ಕೆ ನಮ್ಮ ಮಾಗಡಿಯ ಗುಲಾಬಿ ಬಣ್ಣದ ಕಲ್ಲೂ ಹೋಯಿತು. ಇಷ್ಟೊಂದು ವೈಭವ ಬಡ ನಾಡಿಗೆ ಏತಕ್ಕೆಂದು ಅಂದು ಕಟುವಾದ ಟೀಕೆಗಳೂ ಬಂದವು. ಕಟ್ಟಡ ಮುಗಿದ 1956ನೆಯ ಇಸವಿಯಲ್ಲಿಯೇ ಸ್ವಪಕ್ಷದವರ ಅವಿಶ್ವಾಸದಿಂದಾಗಿ ಹನುಮಂತಯ್ಯನವರು ಪದವಿಯನ್ನು ಬಿಡಬೇಕಾಯಿತು. ತಾವು ಕಟ್ಟಿಸಿದ ಸೌಧದಲ್ಲಿ ಇತರರು ಆಳುವುದನ್ನು ಅವರು ಹೊರಗಿನಿಂದ ನೋಡಿದರು.

ಇದನ್ನು ಸೋಲೆಂದು ಹೇಳಬಹುದೆ? ಆ ಸೌಧದ ಮುಂಭಾಗದಲ್ಲಿ ಕೆತ್ತಿರುವುದು ಅವರ ಹೆಸರಲ್ಲ. ಸರ್ಕಾರದ ಕೆಲಸವು ದೇವರ ಕೆಲಸ ಎಂಬ ಮಾತು. ಪದವಿಯಲ್ಲಿ ಕುಳಿತವನು ಆ ಮಾತನ್ನು ಓದಿದರೆ ತಾನು ಯಜಮಾನನಲ್ಲ, ಪರಿಚಾರಕನೆಂದು ನೆನಪಾಗಬೇಕು. ಓದುವವರು ಎಷ್ಟು ಮಂದಿಯೆಂಬುದು ಬೇರೆಯ ವಿಷಯ. ಮನುಷ್ಯನು ಪೀಠವನ್ನು ಕಡೆಯಬಲ್ಲನು. ಆ ಪೀಠದಲ್ಲಿ ತಾನು ಕುಳಿತಿರುವ ಕಾಲವನ್ನು ಕಡೆಯಲಾರನು. ಹಾಗಿದ್ದ ಮೇಲೆ ಪೀಠವನ್ನು ಯಾರಿಗಾಗಿ ಕಡೆದನೆಂಬುದೇ ಮುಖ್ಯವಾಗುತ್ತದೆ. ಹೆದ್ದಾರಿಯುದ್ದಕ್ಕೂ ಜನ್ಮದಿನದ ಶುಭಾಶಯಗಳ ಫ್ಲೆಕ್ಸ್ ಫಲಕಗಳಲ್ಲಿ ನಗುವ ಮುಖಗಳನ್ನು ನೋಡುವಾಗ ನಮಗೆ ಈ ಮಾತು ಪದೇ ಪದೇ ನೆನಪಾಗುತ್ತದೆ. ಆ ಮುಖಗಳ ಆಯುಸ್ಸು ಒಂದು ಮಳೆಗಾಲ.

ಇಲ್ಲಿ ಒಂದು ಆಕ್ಷೇಪವನ್ನು ನಾವೇ ಎತ್ತಿಕೊಳ್ಳಬೇಕು. ಅರಸರನ್ನೂ ಮಂತ್ರಿಗಳನ್ನೂ ವಿಮರ್ಶಿಸಿದವರು ಯತಿಗಳ ವಿಷಯದಲ್ಲಿ ಮೌನವಾಗಿರುವುದು ನ್ಯಾಯವಲ್ಲ. ಚನ್ನಪಟ್ಟಣದ ಸಮೀಪದ ಅಬ್ಬೂರಿನಲ್ಲಿ ಶ್ರೀಬ್ರಹ್ಮಣ್ಯತೀರ್ಥರ ವೃಂದಾವನವಿದೆ. ಅವರ ಗುರುಗಳಾದ ಶ್ರೀಪುರುಷೋತ್ತಮತೀರ್ಥರ ಗುಹೆಯೂ ಅಲ್ಲಿಯೇ ಇದೆ. ಶ್ರೀವಾದಿರಾಜರು ಸೋದೆಯಲ್ಲಿಯೂ ಶ್ರೀರಾಘವೇಂದ್ರಸ್ವಾಮಿಗಳು ಮಂತ್ರಾಲಯದಲ್ಲಿಯೂ ತಮ್ಮ ವೃಂದಾವನದ ಶಿಲೆಗಳನ್ನು ತಾವಿರುವಾಗಲೇ ಸಿದ್ಧಪಡಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಇದು ತಮಗಾಗಿ ಸ್ಮಾರಕವನ್ನು ಕಡೆದುಕೊಂಡಂತಾಗಲಿಲ್ಲವೆ ಎಂದು ಯಾರಾದರೂ ಕೇಳಿದರೆ ಕೋಪಿಸಿಕೊಳ್ಳಬಾರದು. ವೃಂದಾವನದ ಎದುರಿಗೆ ಹೋಗಿ ನಿಂತು ನೋಡಬೇಕು. ಅಲ್ಲಿ ಯತಿಗಳ ಮುಖವೆಲ್ಲಿದೆ? ತುಳಸೀಕಟ್ಟೆಯ ಆಕಾರದ ಕಲ್ಲು; ಕೆತ್ತನೆಯಿದ್ದರೆ ಅದು ಭಗವಂತನ ರೂಪಗಳದು; ನೆತ್ತಿಯ ಮೇಲೆ ತುಳಸಿ. ಆ ಶಿಲೆಯು ಒಳಗಿನವರನ್ನು ಮರೆಮಾಡಿ ಅವರು ಉಪಾಸಿಸಿದವನನ್ನು ಮುಂದೆ ನಿಲ್ಲಿಸುತ್ತದೆ. ಪ್ರತಿಮೆಗೂ ವೃಂದಾವನಕ್ಕೂ ಇರುವ ಅಂತರ ಇದೇ.

ಶ್ರೀಬ್ರಹ್ಮಣ್ಯತೀರ್ಥರ ಶಿಷ್ಯರಾದ ಶ್ರೀವ್ಯಾಸರಾಜರು 732 ಪ್ರಾಣದೇವರ ಮೂರ್ತಿಗಳನ್ನು ಪ್ರತಿಷ್ಠಾಪಿಸಿದರೆಂಬುದು ಪ್ರಸಿದ್ಧಿ. ಆ ಮೂರ್ತಿಗಳನ್ನು ಭಕ್ತರು ಗುರುತಿಸುವುದು ಪೀಠದಲ್ಲಿ ಬರೆದ ಹೆಸರಿನಿಂದಲ್ಲ. ತಲೆಯ ಮೇಲೆ ಏರಿದ ಬಾಲದ ತುದಿಯಲ್ಲಿ ಕಾಣುವ ಒಂದು ಸಣ್ಣ ಗಂಟೆಯಿಂದ. ಕೃಷ್ಣದೇವರಾಯನಿಗೆ ಕುಹಯೋಗದ ಗಂಡಾಂತರ ಒದಗಿದಾಗ ವ್ಯಾಸರಾಜರು ಸ್ವಲ್ಪ ಕಾಲ ಸಿಂಹಾಸನವನ್ನೇರಿ, ವಿಪತ್ತು ಕಳೆದೊಡನೆ ಇಳಿದು ರಾಜ್ಯವನ್ನು ಅವನಿಗೇ ಒಪ್ಪಿಸಿದರೆಂಬ ಕಥೆಯನ್ನು ನಮ್ಮ ಬಾಲಕರೂ ಬಲ್ಲರು. ಏರುವುದು ಕಷ್ಟವೆಂದು ಲೋಕವು ತಿಳಿದಿದೆ. ಇಳಿಯುವುದರ ಕಷ್ಟವನ್ನು ಏರಿದವರೇ ಬಲ್ಲರು.

ಅದೇ ವ್ಯಾಸರಾಜರ ಶಿಷ್ಯರಾದ ಕನಕದಾಸರ ಪ್ರಸಂಗವನ್ನು ಹೇಳದಿದ್ದರೆ ಈ ಲೇಖನವು ಪ್ರಾಮಾಣಿಕವಾಗಲಾರದು. ಉಡುಪಿಯಲ್ಲಿ ಅವರಿಗೆ ಒಳಗೆ ಸ್ಥಾನವಿರಲಿಲ್ಲ. ಕೃಷ್ಣನೇ ಅವರ ಕಡೆಗೆ ತಿರುಗಿದನೆಂದು ಜನರು ಹೇಳುತ್ತ ಬಂದಿದ್ದಾರೆ. ಇಂದು ಉಡುಪಿಗೆ ಹೋದವರೆಲ್ಲ ಮೊದಲು ಕೇಳುವುದು ಕನಕನ ಕಿಂಡಿ ಎಲ್ಲಿ ಎಂದು. ಅಂದು ಒಳಗೆ ನಿಂತಿದ್ದವರ ಹೆಸರು ಯಾರಿಗೂ ಗೊತ್ತಿಲ್ಲ. ಹೊರಗೆ ನಿಂತವರ ಹೆಸರು ಗೋಡೆಯ ಹೆಸರಾಯಿತು. ಅದನ್ನು ಅವರು ಕೆತ್ತಿಸಲಿಲ್ಲ. ಸ್ಥಾನವನ್ನು ತಮಗಾಗಿ ಕಡೆದಿಟ್ಟುಕೊಂಡವರಿಗೆ ಆ ಕಿಂಡಿಯು ಶಾಶ್ವತವಾದ ಪಾಠವಾಗಿದೆ. ಅರ್ಚಕರ ಮನೆತನದಲ್ಲಿ ಹುಟ್ಟಿದ ನಮಗಂತೂ ಅದು ಮೊದಲನೆಯ ಪಾಠವಾಗಬೇಕು.

ಇಷ್ಟು ನಿದರ್ಶನಗಳಾದ ಮೇಲೆ ಸಿದ್ಧಾಂತದ ಕಡೆಗೆ ಬರೋಣ. ಶ್ರೀಮದಾಚಾರ್ಯರ ಮತದಲ್ಲಿ ತತ್ತ್ವವು ಎರಡು ಬಗೆ: ಸ್ವತಂತ್ರ, ಅಸ್ವತಂತ್ರ. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲವೂ ಅವನ ಅಧೀನ. ಜೀವನು ಕರ್ತನಲ್ಲವೆಂದು ಇದರ ಅರ್ಥವಲ್ಲ. ಜೀವನಿಗೆ ಕರ್ತೃತ್ವವುಂಟು, ಆದರೆ ಅದು ಪರಾಧೀನವಾದ ಕರ್ತೃತ್ವ. ಆದುದರಿಂದ 'ನಾನು ಮಾಡಿದೆ' ಎಂಬುದು ಸುಳ್ಳಲ್ಲ. 'ನಾನೇ ಮಾಡಿದೆ' ಎಂಬುದು ಸುಳ್ಳು. ಒಂದು ಏಕಾರದಷ್ಟು ವ್ಯತ್ಯಾಸ. ಕಲ್ಲಿನ ಮೇಲೆ ಹೆಸರನ್ನು ಕೆತ್ತಿಸುವಾಗ ಆ ಏಕಾರವು ಅಕ್ಷರವಾಗಿ ಕಾಣಿಸದೆ, ಹೆಸರಿನ ಗಾತ್ರದಲ್ಲಿಯೂ ಜಾಗದಲ್ಲಿಯೂ ಅಡಗಿ ಕುಳಿತುಬಿಡುತ್ತದೆ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಭಗವಂತನು ಆಸುರೀ ಸ್ವಭಾವವನ್ನು ವಿವರಿಸುವಾಗ ದಂಭದಿಂದ ನಡೆಯುವ ಹೆಸರಿನ ಯಜ್ಞಗಳನ್ನು ಎಣಿಸಿರುವುದನ್ನು ನಾವು ಮರೆಯಬಾರದು. ಅಲ್ಲಿ ಯಜ್ಞದ ದ್ರವ್ಯದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಯಜಮಾನನ ದೃಷ್ಟಿಯಲ್ಲಿ.

ಮತ್ತೊಂದು ಅಂಶ. ಜೀವನು ಪ್ರತಿಬಿಂಬ, ಶ್ರೀಹರಿ ಬಿಂಬ ಎಂದು ನಮ್ಮ ಶಾಸ್ತ್ರ. ಪ್ರತಿಬಿಂಬವು ತನ್ನದೇ ಪ್ರತಿಮೆಯನ್ನು ಮಾಡಿಸಿಕೊಂಡು ಅದನ್ನು ನೋಡುತ್ತ ನಿಂತರೆ ಬಿಂಬದ ಕಡೆಗೆ ಬೆನ್ನು ಮಾಡಿದಂತಾಯಿತಲ್ಲವೆ? ಸ್ಥಾನಗಳ ವಿಷಯವೂ ಹೀಗೆಯೇ. ತಾರತಮ್ಯವು ಜೀವರ ಸ್ವರೂಪಕ್ಕೆ ಸೇರಿದುದು. ಅದನ್ನು ಬಲ್ಲವನು ಭಗವಂತ. ಹಣದಿಂದಲೋ ಹುಟ್ಟಿನಿಂದಲೋ ಸಭೆಯ ಮೊದಲ ಸಾಲಿನ ಕುರ್ಚಿಯಿಂದಲೋ ಅದನ್ನು ಅಳೆಯಹೊರಡುವುದು ತಾರತಮ್ಯಜ್ಞಾನವಲ್ಲ, ಅದರ ಅಪಹಾಸ್ಯ.

ಹಾಗಾದರೆ ಹೆಸರನ್ನು ಕೆತ್ತಲೇಬಾರದೆ? ಹಾಗೆ ಹೇಳಿದರೆ ನಮ್ಮ ಹಿರಿಯರನ್ನೇ ಅಲ್ಲಗಳೆದಂತಾಗುತ್ತದೆ. ಕನ್ನಡ ನಾಡಿನ ಸಾವಿರಾರು ದಾನಶಾಸನಗಳಲ್ಲಿ ದಾನಿಗಳ ಹೆಸರಿದೆ. ಆದರೆ ಅವುಗಳನ್ನು ಸಾವಧಾನವಾಗಿ ಓದಿದರೆ ಹೆಸರಿನೊಡನೆ ಇನ್ನೂ ಏನೇನಿದೆಯೆಂಬುದು ತಿಳಿಯುತ್ತದೆ. ಕೊಟ್ಟ ಭೂಮಿ ಎಷ್ಟು, ಅದರ ನಾಲ್ಕು ಎಲ್ಲೆಗಳು ಯಾವುವು, ಅದರ ಆದಾಯದಿಂದ ನಡೆಯಬೇಕಾದ ಕಾರ್ಯ ನಂದಾದೀಪವೋ ನೈವೇದ್ಯವೋ ಕೆರೆಯ ದುರಸ್ತಿಯೋ, ಸಾಕ್ಷಿಗಳು ಯಾರು, ಇದನ್ನು ಅಪಹರಿಸಿದವರಿಗೆ ಬರುವ ಪಾಪವೇನು ಎಂಬುದೆಲ್ಲ ಅಲ್ಲಿರುತ್ತದೆ. ತಾನು ಕೊಡುವುದಕ್ಕಿಂತ ಇತರರು ಕೊಟ್ಟುದನ್ನು ಕಾಪಾಡುವುದೇ ಹೆಚ್ಚಿನ ಪುಣ್ಯವೆಂಬ ತಾತ್ಪರ್ಯದ ಶ್ಲೋಕವೂ ಅನೇಕ ಶಾಸನಗಳ ಕೊನೆಯಲ್ಲಿ ಬರುತ್ತದೆ. ಅಲ್ಲಿ ಹೆಸರು ಒಂದು ಸಾಕ್ಷಿ. ಕೊಟ್ಟವನು, 'ಇದು ಇನ್ನು ನನ್ನದಲ್ಲ. ನಾನಾಗಲಿ ನನ್ನ ಸಂತತಿಯವರಾಗಲಿ ಇದಕ್ಕೆ ಕೈಹಾಕಿದರೆ ಕೇಳಿರಿ' ಎಂದು ಊರಿನ ಮುಂದೆ ತನ್ನನ್ನು ಕಟ್ಟಿಹಾಕಿಕೊಳ್ಳುತ್ತಾನೆ.

ಶಿಲ್ಪಿಗಳ ಹೆಸರೂ ಇದೇ ಬಗೆಯದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಬುಡದಲ್ಲಿ ಹೆಸರನ್ನು ಬರೆದರು. ವಿಗ್ರಹದ ಪಾದದ ಕೆಳಗಿರುವ ಆ ಹೆಸರು, 'ಇದರಲ್ಲಿ ತಪ್ಪಿದ್ದರೆ ಹೊಣೆ ನನ್ನದು' ಎಂದು ಹೇಳುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯನ್ನು ಕಡೆಯುವವನಿಗಾದರೋ ಹೆಸರನ್ನು ಬರೆಯುವಷ್ಟು ಜಾಗವೂ ಇಲ್ಲ. ಅವನ ಕೆಲಸವು ಯಾವುದೋ ಊರಿನ ಮಗುವಿನ ಕೈಯಲ್ಲಿ ಸವೆದುಹೋಗುತ್ತದೆ. ಇಬ್ಬರಲ್ಲಿ ಯಾರೊಬ್ಬರೂ ಕಡಿಮೆಯಲ್ಲ.

ಈಗ ನಮ್ಮ ಪ್ರಶ್ನೆಗೆ ಉತ್ತರವು ಸ್ವಲ್ಪ ಸ್ಪಷ್ಟವಾದಂತೆ ತೋರುತ್ತದೆ. ದೋಷವಿರುವುದು ಕಲ್ಲಿನಲ್ಲಲ್ಲ, ಹೆಸರಿನಲ್ಲೂ ಅಲ್ಲ. ಹೆಸರು ಋಣವನ್ನು ಹೇಳುತ್ತದೆಯೋ, ಸ್ವಾಮ್ಯವನ್ನು ಹೇಳುತ್ತದೆಯೋ ಎಂಬುದನ್ನು ನೋಡಬೇಕು. 'ಇದನ್ನು ನಡೆಸುವ ಹೊಣೆ ನನ್ನ ಮೇಲಿದೆ' ಎಂದರೆ ಅದು ಶಾಸನ. 'ಇದು ನನ್ನಿಂದ ಆಯಿತು' ಎಂದರೆ ಅದು ಕೇವಲ ಕನ್ನಡಿ. ನಮ್ಮ ಪೂರ್ವಿಕರು ಶಾಸನಗಳನ್ನು ಬರೆಸಿದರು. ನಾವು ಶಾಸನದಿಂದ ಎಲ್ಲೆ, ಕಾರ್ಯ, ಸಾಕ್ಷಿ, ಶಾಪಗಳನ್ನೆಲ್ಲ ತೆಗೆದುಹಾಕಿ ಹೆಸರೊಂದನ್ನು ಮಾತ್ರ ಇಟ್ಟುಕೊಂಡೆವು. ಧರ್ಮಾಂಬುಧಿಯ ನೀರನ್ನು ಬಿಟ್ಟು ನಿಲ್ದಾಣಕ್ಕೆ ಹೆಸರಿಟ್ಟ ಹಾಗೆ.

ಇನ್ನು ತೀರ್ಥರೂಪರ ಫಲಕದ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವರು ಬಳಸುತ್ತಿದ್ದ ಗಂಧ ತೇಯುವ ಸಾಣೆಕಲ್ಲು ನಮ್ಮಲ್ಲಿದೆ. ನಡುವೆ ಅಂಗೈ ಕೂರುವಷ್ಟು ತಗ್ಗಾಗಿದೆ. ಆ ತಗ್ಗನ್ನು ಅವರು ಕೆತ್ತಲಿಲ್ಲ. ದಿನವೂ ತೇಯ್ದರು, ಅಷ್ಟೇ. ಅದರಲ್ಲಿ ಅವರ ತಂದೆಯವರ ಕೈಯೂ ಸೇರಿದೆ. ಎಷ್ಟು ಆಳ ಯಾರದೆಂದು ಬೇರ್ಪಡಿಸಿ ಹೇಳಲಾಗದು. "ಕಲ್ಲು ಬೇಕಿದ್ದರೆ ಇದೇ ಇದೆಯಲ್ಲ" ಎಂದು ನಾವು ಮಾತೃಶ್ರೀಯವರೊಡನೆ ಸ್ವಲ್ಪ ವೈರಾಗ್ಯದ ಧಾಟಿಯಲ್ಲಿಯೇ ಹೇಳಿದೆವು. ಅವರಿಗೆ ಆ ಧಾಟಿ ಹಿಡಿಸಲಿಲ್ಲ. "ಊರಿನವರು ಪ್ರೀತಿಯಿಂದ ಕೇಳಿದ್ದಾರೆ, ಬೇಡ ಅನ್ನಬೇಡ. ಸಂಜೆ ದೀಪಕ್ಕೆ ಎಣ್ಣೆ ಸಾಲದೆ ನಿಮ್ಮ ತಂದೆಯವರು ಎಷ್ಟೋ ದಿನ ಮನೆಯಿಂದ ತೆಗೆದುಕೊಂಡು ಹೋಗುತ್ತಿದ್ದರು. ಆ ಎಣ್ಣೆ ನಿನ್ನದು ಅಂತ ಬರೆಸು. ತಪ್ಪಿದರೆ ಬಂದವರು ಓದಿ ನಿನ್ನನ್ನು ಕೇಳಲಿ" ಎಂದರು.

ಅದರಂತೆಯೇ ಆಯಿತು. ನವರಂಗದಲ್ಲಿ ಅಲ್ಲ, ಎಣ್ಣೆಯ ಪಾತ್ರೆ ಇಡುವ ಗೂಡಿನ ಪಕ್ಕದಲ್ಲಿ ಒಂದು ಸಣ್ಣ ಕಲ್ಲು. ಭಾವಚಿತ್ರವಿಲ್ಲ, ಬಿರುದುಗಳಿಲ್ಲ. ತೀರ್ಥರೂಪರ ಸೇವೆಯ ನೆನಪಿಗಾಗಿ ಸಂಧ್ಯಾದೀಪದ ಎಣ್ಣೆಯನ್ನು ನಿತ್ಯವೂ ಒದಗಿಸತಕ್ಕವರು ಇಂಥವರು ಎಂದು ಮೂರು ಸಾಲು. ಹೆಸರು ಒಂದೇ ಸಲ ಬಂದಿದೆ. ಸಾಲಗಾರನ ಹೆಸರು ಬರುವ ಹಾಗೆ.

ಇಷ್ಟರಿಂದ ನಮ್ಮ ಅಭಿಮಾನವು ಕರಗಿಹೋಯಿತೆಂದು ಓದುಗರು ತಿಳಿಯಬಾರದು. ಮೊನ್ನೆ ಏಕಾದಶಿಯ ಸಂಜೆ ಎಣ್ಣೆಯ ಡಬ್ಬಿಯನ್ನು ಹಿಡಿದು ಒಳಗೆ ಹೋದಾಗ ನಮ್ಮ ಕಣ್ಣು ಮೊದಲು ಬಿದ್ದದ್ದು ದೀಪದ ಮೇಲಲ್ಲ, ದೇವರ ಮೇಲೂ ಅಲ್ಲ. ಆ ಮೂರನೆಯ ಸಾಲಿನ ಮೇಲೆ. ಅಕ್ಷರಗಳು ಸ್ವಲ್ಪ ಮಸಿ ಹಿಡಿದಿವೆ, ಒರೆಸಬೇಕು ಎಂದು ಕೈ ತಾನಾಗಿ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ದೀಪದ ಬತ್ತಿ ಒಣಗಿ ಚಟಚಟನೆ ಸದ್ದು ಮಾಡಿತು. ಕೈಯನ್ನು ಹಿಂದಕ್ಕೆ ತೆಗೆದು ಎಣ್ಣೆಯನ್ನು ಹೊಯ್ದೆವು. ಮಸಿ ಹಾಗೆಯೇ ಇದೆ.

॥ ಶ್ರೀಕೃಷ್ಣಾರ್ಪಣಮಸ್ತು ॥